ಊದು ಮಗೂ, ಊದು

ಪರದೆಯ ಮೇಲಿನ ಹುಡುಗಿ ನಿಂತುಬಿಟ್ಟಳು. ಕೈಯಲ್ಲಿದ್ದ ಕಾಗದದ ಗಿರಿಗಿಟ್ಲೆ ಇನ್ನೆರಡು ಸುತ್ತು ತಿರುಗಿ ಸುಮ್ಮನಾಯಿತು. ತುಟಿ ಅರ್ಧ ತೆರೆದಿದೆ. ಕಣ್ಣು ನನ್ನ ಕಡೆಗೇ ಇದೆ, ಆದರೆ ನನ್ನನ್ನು ನೋಡುತ್ತಿಲ್ಲ. ನನ್ನ ಬೆರಳು ತಾನಾಗಿಯೇ ಮೌಸಿನ ಮೇಲೆ ಹೋಯಿತು. ಆ ವರ್ಷ ನಾವೆಲ್ಲ ಕಲಿತಿದ್ದ ಅಭ್ಯಾಸ ಅದು: ಚಿತ್ರ ನಿಂತರೆ ಕರೆ ಕಡಿದು ಮತ್ತೆ ಹಚ್ಚುವುದು. ಅಷ್ಟರಲ್ಲಿ ಅವಳ ತಲೆಯ ಹಿಂದಿದ್ದ ತರಗತಿಯ ಗೋಡೆ ಗಡಿಯಾರ ಕಣ್ಣಿಗೆ ಬಿತ್ತು. ಸೆಕೆಂಡಿನ ಮುಳ್ಳು ಓಡುತ್ತಲೇ ಇತ್ತು. ನಿಂತದ್ದು ಇಂಟರ್‌ನೆಟ್ ಅಲ್ಲ, ಮಗು.

ಒಂಬತ್ತು, ಹತ್ತು, ಹನ್ನೊಂದು. ರೆಪ್ಪೆಗಳು ಸಣ್ಣಗೆ ಅದುರಿದವು. ಆಮೇಲೆ ಏನೂ ಆಗದವಳಂತೆ ಮತ್ತೆ ಊದತೊಡಗಿದಳು.

ಅದು 2020ರ ನವೆಂಬರ್. ಐರ್ಲೆಂಡಿನಲ್ಲಿ ಅಕ್ಟೋಬರ್ 21ರಿಂದ ಮತ್ತೆ ಕಟ್ಟುನಿಟ್ಟು ಬಂದು, ತಕ್ಕ ಕಾರಣವಿಲ್ಲದೆ ಮನೆಯಿಂದ ಐದು ಕಿಲೋಮೀಟರಿನಾಚೆ ಹೋಗುವಂತಿರಲಿಲ್ಲ. ಶಾಲೆಗಳನ್ನು ಮಾತ್ರ ಮುಚ್ಚಿರಲಿಲ್ಲ. ನಾನು ಈ ದೇಶದ ಪಶ್ಚಿಮ ಭಾಗದ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗದ ವೈದ್ಯೆ. ಹುಡುಗಿ ಕಾನೆಮಾರಾ ಕಡೆಯವಳು, ಏಳು ವರ್ಷ. ಗುರುತು ಸಿಗಬಾರದೆಂದು ಇಬ್ಬರು ಮಕ್ಕಳ ವಿಷಯದಲ್ಲೂ ಕೆಲವು ವಿವರ ಬದಲಿಸಿದ್ದೇನೆ. ಅವಳದು ಇಬ್ಬರೇ ಶಿಕ್ಷಕಿಯರ ಶಾಲೆ, ಪಾಠವೆಲ್ಲ ಐರಿಷ್ ಭಾಷೆಯಲ್ಲಿ. ಕಲ್ಲುಗೋಡೆ, ಜೌಗು ನೆಲ, ಕಡಲ ಗಾಳಿ. ಮನೆಯಿಂದ ಮನೆಗೆ ಕೂಗಿದರೆ ಕೇಳಿಸದಷ್ಟು ದೂರ. ಕುಟುಂಬ ವೈದ್ಯರ ಪತ್ರದಲ್ಲಿ ಎರಡೇ ಸಾಲು: ಮಗುವಿಗೆ ಪಾಠದಲ್ಲಿ ಗಮನವಿಲ್ಲ, ಶಿಕ್ಷಕಿಗೆ ಆತಂಕ.

ಮನೆ ತಗ್ಗಿನಲ್ಲಿತ್ತು, ಅಲ್ಲಿ ಮೊಬೈಲು ಹಿಡಿಯುತ್ತಿರಲಿಲ್ಲ. ಶಾಲೆಯಲ್ಲಿ ಒಳ್ಳೆಯ ಇಂಟರ್‌ನೆಟ್ ಇದೆ, ಇಲ್ಲಿಂದಲೇ ಮಾತಾಡಿಸಿ ಎಂದು ಟೀಚರೇ ಹೇಳಿದರು. ತಾಯಿ ಒದ್ದೆ ರೇನ್‌ಕೋಟಿನಲ್ಲಿಯೇ ಮಗುವಿನ ಪಕ್ಕ ನಿಂತಿದ್ದಳು. ಟೀಚರ್ ಒಂದು ನೋಟ್‌ಬುಕ್ ತೆಗೆದು ಕ್ಯಾಮೆರಾಕ್ಕೆ ಹಿಡಿದರು. ಕೊನೆಯ ಪುಟದಲ್ಲಿ ವಾರದ ದಿನಗಳು, ಒಂದೊಂದರ ಮುಂದೆ ಪೆನ್ಸಿಲ್ ಗೆರೆಗಳು. ಮಂಗಳವಾರ ಹನ್ನೊಂದು. ಬುಧವಾರ ಒಂಬತ್ತು. ಗುರುವಾರ ಹದಿನಾಲ್ಕು. "ನಾನು ನೋಡಿದ್ದಷ್ಟೇ ಇದು" ಎಂದರು. "ಬೋರ್ಡಿನ ಕಡೆ ತಿರುಗಿದಾಗ ಆದದ್ದು ಇದರಲ್ಲಿಲ್ಲ."

ಮಕ್ಕಳಲ್ಲಿ ಕಾಣುವ ಒಂದು ಬಗೆಯ ಮೂರ್ಛೆ ರೋಗ ಹೀಗಿರುತ್ತದೆ. ಬೀಳುವುದಿಲ್ಲ, ನೊರೆ ಬರುವುದಿಲ್ಲ, ಕೈಕಾಲು ಸೆಟೆಯುವುದಿಲ್ಲ. ಮಗು ಹತ್ತು ಸೆಕೆಂಡು ನಿಂತುಹೋಗುತ್ತದೆ, ಅಷ್ಟೇ. ಆದರೆ ದಿನಕ್ಕೆ ಹತ್ತಾರು ಸಲ. ಹೆಚ್ಚಾಗಿ ನಾಲ್ಕರಿಂದ ಹತ್ತು ವರ್ಷದೊಳಗೆ ಶುರುವಾಗುತ್ತದೆ. ಓದುತ್ತಿದ್ದ ಸಾಲಿನ ನಡುವಿನ ಮೂರು ಪದ ಅದರ ಪಾಲಿಗೆ ಇರುವುದೇ ಇಲ್ಲ. ಇದರ ವೈದ್ಯಕೀಯ ಹೆಸರೇ ಆಬ್ಸೆನ್ಸ್, ಎಂದರೆ ಗೈರುಹಾಜರಿ. ಇಂಥ ಮಗುವಿನಿಂದ ಮೂರು ನಿಮಿಷ ಜೋರಾಗಿ ಉಸಿರು ಊದಿಸಿದರೆ ಬಹಳ ಸಲ ನಮ್ಮ ಕಣ್ಣೆದುರೇ ಅದು ಬರುತ್ತದೆ. ಎಳೆಯ ಮಕ್ಕಳಿಗೆ ಅದಕ್ಕೇ ಗಿರಿಗಿಟ್ಲೆ. ಹೃದಯದ ತೊಂದರೆ, ಜೋರಾದ ಉಬ್ಬಸ ಇರುವ ಮಕ್ಕಳಿಗೆ ಇದನ್ನು ಮಾಡಿಸಬಾರದು. ಓದಿದ ಯಾರೂ ಮನೆಯಲ್ಲಿ ಪರೀಕ್ಷಿಸಲು ಹೋಗಬೇಡಿ. ನಾನೂ ಆ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿಯೇ ಊದಿಸಿದ್ದು. "ಶೇಡ್, ಶೇಡ್" ಎನ್ನುತ್ತಿದ್ದರು ಟೀಚರ್. ಐರಿಷ್ ಭಾಷೆಯಲ್ಲಿ ಊದು ಎನ್ನುವುದಕ್ಕೆ ಹಾಗೆ.

ಗಡಿಯಾರದ ಮುಳ್ಳು ಓಡುತ್ತಿದ್ದ ಆ ಹನ್ನೊಂದು ಸೆಕೆಂಡಿನಲ್ಲಿ ನನಗೆ ರೋಗ ಗೊತ್ತಾಯಿತು. ಅದರ ಜೊತೆಗೇ ಹೊಟ್ಟೆಯಲ್ಲಿ ಏನೋ ಕುಸಿದಂತಾಯಿತು. ಇದೇ ನಿಲುಗಡೆಯನ್ನು ಎರಡು ತಿಂಗಳ ಹಿಂದೆ ನಾನು ನೋಡಿದ್ದೆ. ನೋಡಿ, ನಕ್ಕು ಬಿಟ್ಟಿದ್ದೆ.

ನನ್ನ ಅಕ್ಕ ಯಲ್ಲಾಪುರ ತಾಲ್ಲೂಕಿನ ಕಾಡಿನೊಳಗಿನ ಒಂದು ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾವು ಹುಟ್ಟಿದ್ದು ಧಾರವಾಡದ ಕಡೆ. ನೌಕರಿ ಅವಳನ್ನು ಘಟ್ಟಕ್ಕೆ ತಂದು ಬಿಟ್ಟಿತು, ನನ್ನನ್ನು ಅಟ್ಲಾಂಟಿಕ್ ದಂಡೆಗೆ. ಅವಳ ಶಾಲೆಗೆ ಬರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಗೌಳಿವಾಡದವರು. ಗೌಳಿಗರು ಎಮ್ಮೆ ಸಾಕಿ ಬದುಕುವವರು, ಮನೆಯಲ್ಲಿ ಆಡುವುದು ಮರಾಠಿಯ ಒಂದು ಬಗೆ. ಕನ್ನಡ ಅವರ ಮಕ್ಕಳಿಗೆ ಅಕ್ಕನ ಬಾಯಿಂದಲೇ ಶುರುವಾಗುತ್ತದೆ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಸರ್ಕಾರ 'ವಿದ್ಯಾಗಮ' ಎಂದು ತಂದಿತಲ್ಲ, ಶಿಕ್ಷಕರೇ ಮಕ್ಕಳ ಕೇರಿಗೆ ಹೋಗಿ ಗುಡಿಯ ಕಟ್ಟೆ, ಮರದ ನೆರಳು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಪಾಠ ಹೇಳುವುದು, ಜನ ವಠಾರ ಶಾಲೆ ಅನ್ನುತ್ತಿದ್ದರು. ಅಕ್ಕ ಸ್ಕೂಟರಿನ ಮೇಲೆ ಗೌಳಿವಾಡಕ್ಕೆ ಹೋಗಿ ಹಲಸಿನ ಮರದ ಕೆಳಗೆ ಪಾಠ ಮಾಡುತ್ತಿದ್ದಳು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅಲ್ಲಿಂದಲೇ ವಾಟ್ಸಾಪ್ ವಿಡಿಯೋ ಮಾಡಿದಳು.

"ನೋಡವಾ, ಈ ಹುಡುಗ ಓದಾಕತ್ತಾಂವ ನಡಕ ನಿಂತ ಬಿಡ್ತಾನ. ಕಣ್ಣ ತೆರದ ಇರ್ತಾವ, ಆದ್ರ ಅಂವಾ ಅಲ್ಲಿ ಇರೂದಿಲ್ಲ."

ಎಂಟು ವರ್ಷದ ಹುಡುಗ, ಉದ್ದ ಅಂಗಿ, ಕೈಯಲ್ಲಿ ಪುಸ್ತಕ. ಓದಿದ. ನಿಂತ. ಆದರೆ ಅಲ್ಲಿ ಎಲ್ಲವೂ ನಿಲ್ಲುತ್ತಿತ್ತು. ಅಕ್ಕನ ದನಿ ನಿಲ್ಲುತ್ತಿತ್ತು, ಹಲಸಿನ ಎಲೆ ನಿಲ್ಲುತ್ತಿತ್ತು, ಚಿತ್ರ ಒಡೆದು ಚೌಕ ಚೌಕವಾಗಿ ಮತ್ತೆ ಕೂಡುತ್ತಿತ್ತು.

"ಅಕ್ಕಾ, ನಿಲ್ಲಾಕತ್ತಿದ್ದು ನಿನ್ನ ನೆಟ್‌ವರ್ಕ್, ಹುಡುಗ ಅಲ್ಲ" ಎಂದೆ ನಾನು. ಅವಳೂ ನಕ್ಕಳು. ರಾತ್ರಿ ನಿದ್ದೆಗೆಟ್ಟು ಎಮ್ಮೆ ಕಾಯುತ್ತಾನೋ ಏನೋ, ಚೆನ್ನಾಗಿ ಉಣ್ಣಲು ಹೇಳು ಅಂತ ಒಂದು ಮಾತು ಸೇರಿಸಿದೆ. ನನಗೆ ಡ್ಯೂಟಿಗೆ ತಡವಾಗಿತ್ತು. ಎಲ್ಲ ಸೇರಿ ನಾಲ್ಕು ನಿಮಿಷದ ಕರೆ.

ಗೌಳಿವಾಡಕ್ಕೂ ಊರಿನ ರಸ್ತೆಗೂ ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಕಾಲುಸಂಕ. ಮಲೆನಾಡು ಕಂಡವರಿಗೆ ಹೇಳಬೇಕಾಗಿಲ್ಲ. ಕಾಣದವರಿಗಾಗಿ: ಎರಡೋ ಮೂರೋ ಮರದ ದಿಮ್ಮಿ, ಒಂದು ಕಡೆ ಹಿಡಿಯಲು ಬಳ್ಳಿಯೋ ಬಿದಿರೋ, ಮಳೆಗಾಲದಲ್ಲಿ ಕೆಳಗೆ ಕೆಂಪು ನೀರು. ಆ ತಿಂಗಳ ಕೊನೆಯಲ್ಲಿ ಹುಡುಗ ಅದರ ಮೇಲಿಂದ ಬಿದ್ದ. ಹಿಂದೆ ಬರುತ್ತಿದ್ದ ಅವನ ಕಾಕಾ ನೀರಿಗೆ ಹಾರಿ ಅಂಗಿ ಹಿಡಿದೆಳೆದ. ಎಡಗೈ ಮುರಿದಿತ್ತು. ಆಸ್ಪತ್ರೆಯ ಚೀಟಿಯಲ್ಲಿ ಕಾಲು ಜಾರಿ ಬಿದ್ದದ್ದು ಎಂದು ಬರೆಸಿ, ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಅಕ್ಕ ಬೇರೇನೋ ಮಾತಿನ ನಡುವೆ ಇದನ್ನು ಹೇಳಿದ್ದಳು. "ಈ ಹುಡುಗ್ರು ಸಂಕದ ಮ್ಯಾಲ ಓಡ್ತಾವ. ಇಂವಾ ಹೆಂಗ ಜಾರಿದ್ನೋ" ಎಂದಿದ್ದಳು. ಅಯ್ಯೋ ಪಾಪ ಎಂದು ನಾನು ಇನ್ನೊಂದು ಮಾತಿಗೆ ಹೋಗಿದ್ದೆ.

ಕಾನೆಮಾರಾದ ಹುಡುಗಿಯ ಕರೆ ಮುಗಿಸಿ, ಇಇಜಿ ಪರೀಕ್ಷೆಗೆ ಬರೆದು, ತಾಯಿಗೆ ಸ್ನಾನದ ತೊಟ್ಟಿ, ಕಡಲದಂಡೆ, ಸೈಕಲ್ಲು ಎಲ್ಲದರ ಬಗ್ಗೆ ಎಚ್ಚರ ಹೇಳಿ, ಊಟದ ಬಿಡುವಿನಲ್ಲಿ ಕಾರಿನೊಳಗೆ ಕೂತು ಅಕ್ಕನಿಗೆ ಫೋನ್ ಹಚ್ಚಿದೆ. ಇಲ್ಲಿ ಹನ್ನೆರಡೂವರೆ, ಅಲ್ಲಿ ಸಂಜೆ ಆರು. ಮೊದಲು ಹೇಳಿದ ಮಾತು, ಅಕ್ಕಾ, ಆ ಹುಡುಗನನ್ನು ಒಬ್ಬನೇ ಸಂಕ ದಾಟಿಸಬೇಡಿ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಈ ಸಲ ನಿಂತದ್ದು ನೆಟ್‌ವರ್ಕ್ ಅಲ್ಲ ಎಂದು ನನಗೂ ಗೊತ್ತಾಯಿತು.

ಇನ್ನೊಂದು ವಿಚಾರ ಹೇಳಿಬಿಡುತ್ತೇನೆ. ಭಾರತದಲ್ಲಿ 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಅದರ ಪ್ರಕಾರ ಅಲ್ಲಿಯ ರೋಗಿಗೆ ಫೋನಿನಲ್ಲಿ ಔಷಧ ಹೇಳಬೇಕಾದರೆ ಅಲ್ಲಿಯೇ ನೋಂದಾಯಿತ ವೈದ್ಯರಾಗಿರಬೇಕು. ನಾನು ಕರ್ನಾಟಕದ ನೋಂದಣಿಯನ್ನು ನವೀಕರಿಸಿರಲಿಲ್ಲ. ಕಾಯಿದೆಯ ಲೆಕ್ಕದಲ್ಲಿ ಆ ಹುಡುಗನಿಗೆ ನಾನು ಅವರ ಟೀಚರಮ್ಮನ ತಂಗಿ, ಅಷ್ಟೇ. ಕಾಯಿದೆ ಸರಿಯಾಗಿಯೇ ಇದೆ. ಸೆಪ್ಟೆಂಬರಿನಲ್ಲಿ ನಾಲ್ಕು ನಿಮಿಷ ನೋಡಿ ಏನಿಲ್ಲ ಎಂದು ತೀರ್ಪು ಕೊಟ್ಟವಳು ನಾನೇ ಅಲ್ಲವೇ. ಔಷಧ ಹೇಳಲಿಕ್ಕೆ ಮಾತ್ರವಲ್ಲ, ಏನಿಲ್ಲ ಎನ್ನಲಿಕ್ಕೂ ನನಗೆ ಅಧಿಕಾರ ಇರಲಿಲ್ಲ. ಆದರೂ ಎದೆ, ಉಬ್ಬಸದ ವಿಷಯ ವಿಚಾರಿಸಿ, ಅವನಿಂದ ಊದಿಸಿ ತೋರಿಸು ಎಂದೆ. ಅದನ್ನು ಡಾಕ್ಟರಾಗಿ ಕೇಳಿದೆನೋ ತಂಗಿಯಾಗಿ ಕೇಳಿದೆನೋ ಇಂದಿಗೂ ಬಗೆಹರಿದಿಲ್ಲ.

ಆ ಹೊತ್ತಿಗೆ ವಠಾರ ಶಾಲೆಯೂ ನಿಂತಿತ್ತು. ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದ್ದರು. ಬಿಸಿಯೂಟದ ಬದಲು ಕೊಡುತ್ತಿದ್ದ ಅಕ್ಕಿ ಬೇಳೆ ಹಂಚುವ ನೆವದಲ್ಲಿ ಅಕ್ಕ ಗೌಳಿವಾಡಕ್ಕೆ ಹೋದಳು. ಹಳೆಯ ನೋಟ್‌ಬುಕ್ಕಿನ ರಟ್ಟು, ಹಿಡಿಕಡ್ಡಿ, ಒಂದು ಗುಂಡುಸೂಜಿ: ಗಿರಿಗಿಟ್ಲೆ ತಯಾರು. "ಊದು ಮಗೂ, ಊದು" ಎಂದು ಅಕ್ಕ, "ಫುಂಕ, ಫುಂಕ" ಎಂದು ಅವನ ತಾಯಿ. ನಾನಿಲ್ಲಿ ಪರದೆಗೆ ಕಣ್ಣು ನೆಟ್ಟು ಕೂತಿದ್ದೆ. ಅರ್ಧ ನಿಮಿಷಕ್ಕೆ ಚಿತ್ರ ನಿಂತಿತು. ಹುಡುಗ ನಿಂತ, ಹಿಂದಿನ ಗೋಡೆ ನಿಂತಿತು, ಇಬ್ಬರ ದನಿಯೂ ನಿಂತಿತು. ಮತ್ತೆ ಬಂದಾಗ ಹುಡುಗ ಬೇರೆ ಕಡೆ ತಿರುಗಿ ನಗುತ್ತಿದ್ದ. ಮೂರು ಸಲ ಮಾಡಿದೆವು. ಮೂರು ಸಲವೂ ಅಷ್ಟೇ. ಅಲ್ಲಿ ಯಾವ ಗೋಡೆಯ ಮೇಲೂ ಗಡಿಯಾರ ಇರಲಿಲ್ಲ. ನಾನು ಹುಡುಕುತ್ತಿದ್ದದ್ದು ಹತ್ತು ಸೆಕೆಂಡಿನ ಒಂದು ನಿಲುಗಡೆ. ಆ ಸಂಪರ್ಕದಲ್ಲಿ ಅಂಥ ನಿಲುಗಡೆ ನಿಮಿಷಕ್ಕೆ ನಾಲ್ಕು.

"ಫೋನ್ ಇಡು ಅಕ್ಕಾ. ನೀನ ವಿಡಿಯೋ ಹಿಡಿ, ಆಮ್ಯಾಲ ಕಳಸು."

ಇಷ್ಟು ಸಾಮಾನ್ಯ ಬುದ್ಧಿ ಬರಲು ನನಗೆ ಎರಡು ತಿಂಗಳೇಕೆ ಬೇಕಾಯಿತು ಎಂದು ಆಮೇಲೆ ಯೋಚಿಸಿದ್ದೇನೆ. ಕರ್ನಾಟಕದವಳಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ 'ಕಿಡ್ರಾಪ್' ಎಂಬ ಕೆಲಸ ನಡೆಸಿದ್ದಾರೆ. ದಿನ ತುಂಬದೆ ಹುಟ್ಟಿದ ಕೂಸುಗಳ ಕಣ್ಣಿನ ಅಕ್ಷಿಪಟ ಕೆಡಬಹುದು. ಮೊದಲ ಕೆಲವು ವಾರಗಳಲ್ಲಿ ನೋಡದಿದ್ದರೆ ದೃಷ್ಟಿಯೇ ಹೋಗಬಹುದು. ಎಲ್ಲ ಜಿಲ್ಲೆಗಳಿಗೂ ಆ ತಜ್ಞರು ಎಲ್ಲಿಂದ ಬರಬೇಕು? ಅಲ್ಲಿ ಕ್ಯಾಮೆರಾ ಹೊತ್ತು ಸಣ್ಣ ಊರಿನ ಆಸ್ಪತ್ರೆಗಳಿಗೆ ಹೋಗುವವರು ಡಾಕ್ಟರಲ್ಲ, ತರಬೇತಾದ ತಂತ್ರಜ್ಞರು. ಕೂಸಿನ ಕಣ್ಣಿನ ಚಿತ್ರ ತೆಗೆದು ಕಳಿಸುತ್ತಾರೆ, ಬೆಂಗಳೂರಿನ ವೈದ್ಯರು ನೋಡಿ ಹೇಳುತ್ತಾರೆ. ಅದಕ್ಕೂ ಮೊದಲು, 2002ರಲ್ಲಿ, ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಅಲ್ಲೆಲ್ಲ ಈ ತುದಿಯ ದೊಡ್ಡ ಡಾಕ್ಟರ ಫೋಟೋ ಪತ್ರಿಕೆಯಲ್ಲಿ ಬಂತೇ ಹೊರತು, ಆ ತುದಿಯಲ್ಲಿ ಕೂಸಿನ ತಲೆ ಅಲುಗದಂತೆ ಹಿಡಿದ ಕೈಯನ್ನು ನಾವು ಅಷ್ಟಾಗಿ ನೋಡಲಿಲ್ಲ. ಇಲ್ಲಿಯೂ ಅದೇ ಕತೆ. ಮೇಯೋ ಕೌಂಟಿಯ ಕ್ಲೇರ್ ದ್ವೀಪದಲ್ಲಿ ಗಾಲ್ವೇ ವಿಶ್ವವಿದ್ಯಾಲಯದವರು ಡಿಜಿಟಲ್ ಆರೋಗ್ಯದ ಪ್ರಯೋಗ ಶುರುಮಾಡಿದಾಗ ಸುದ್ದಿಯಾದದ್ದು ಔಷಧ ತರುವ ಡ್ರೋನು, ನಾಲ್ಕು ಕಾಲಿನ ಯಂತ್ರದ ನಾಯಿ. ನಾಯಿ ನೋಡಲು ಚೆಂದವೇ ಇದೆ ಅನ್ನಿ.

ಅಕ್ಕ ಹಿಡಿದ ವಿಡಿಯೋ ಮರುದಿನ ಬಂತು. ಗುಡ್ಡದ ನೆತ್ತಿಯ ಒಂದು ತಿರುವಿನಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುತ್ತದಂತೆ. ಸ್ಕೂಟರ್ ನಿಲ್ಲಿಸಿ, ನಲವತ್ತು ನಿಮಿಷ ಕಾದು ಕಳಿಸಿದ್ದಳು. ಎರಡು ನಿಮಿಷ ನಲವತ್ತು ಸೆಕೆಂಡು. ಹುಡುಗ ಕೊಟ್ಟಿಗೆಯ ಮುಂದೆ ಕೂತು ಊದುತ್ತಿದ್ದಾನೆ, ಹಿಂದೆ ಒಂದು ಎಮ್ಮೆ. ಎರಡನೆಯ ನಿಮಿಷ ಮುಗಿಯುತ್ತಿದ್ದಂತೆ ಗಿರಿಗಿಟ್ಲೆ ನಿಂತಿತು. ತುಟಿ ಅರ್ಧ ತೆರೆದಿತ್ತು. ಹಿಂದೆ ಎಮ್ಮೆ ಮೆಲುಕು ಹಾಕುತ್ತಲೇ ಇತ್ತು. ನಾನು ಅದರ ದವಡೆಯನ್ನೇ ನೋಡುತ್ತ ಎಣಿಸಿದೆ.

ಅಲ್ಲಿಂದಾಚೆಗಿನದು ಬೇಗ ನಡೆಯಿತು. ಅಕ್ಕ, ಹುಡುಗ, ಅವನ ಅಪ್ಪ ಮೂವರೂ ಬೆಳಗಿನ ಬಸ್ಸು ಹಿಡಿದು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಹೋದರು. ಅಲ್ಲಿಯ ವೈದ್ಯರು ಬೇರೇನೂ ಕೇಳದೆ ಮೊದಲು ವಿಡಿಯೋ ನೋಡಿದರಂತೆ, ಎರಡು ಸಲ. ಅದೇ ದಿನ ಇಇಜಿ ಆಯಿತು, ಅದೇ ದಿನ ಮಾತ್ರೆ ಬರೆದರು. ಕಾನೆಮಾರಾದ ಹುಡುಗಿ ಇಇಜಿಗೆ ಕ್ರಿಸ್‌ಮಸ್ ಹತ್ತಿರ ಬರುವವರೆಗೆ ಕಾದಳು. ಊರಿನವರು ನನ್ನನ್ನು ಮುಂದುವರಿದ ದೇಶದ ಡಾಕ್ಟರ್ ಎಂದು ಕರೆದಾಗ ನನಗೆ ಈ ಎರಡು ದಿನಾಂಕಗಳು ನೆನಪಾಗುತ್ತವೆ.

ಶಾಲೆಗೆ ಡಾಕ್ಟರು ಬರುವುದೇ ಇಲ್ಲವೇ ಎಂದು ಕೇಳಬಹುದು. ಬರುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಗಿದೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಅವರು ನೋಡಬೇಕಾದ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ ಫಿಟ್ಸ್ ಕೂಡ ಇದೆ. ಐರ್ಲೆಂಡಿನಲ್ಲಿ ಶಾಲೆಗೆ ಸೇರಿದ ಮೊದಲ ವರ್ಷ ಸಾರ್ವಜನಿಕ ಆರೋಗ್ಯ ನರ್ಸ್ ಬಂದು ಕಣ್ಣು, ಕಿವಿ ನೋಡುತ್ತಾರೆ. ಪ್ರಾಥಮಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಶಾಲೆಗೇ ಒಬ್ಬ ನರ್ಸ್ ಎಂದು ಇರುವುದಿಲ್ಲ. ಕೋವಿಡ್ ಕಾಲದಲ್ಲಿ ಆ ನರ್ಸ್‌ಗಳಲ್ಲಿ ಎಷ್ಟೋ ಮಂದಿಯನ್ನು ಪರೀಕ್ಷೆ, ಪತ್ತೆಯ ಕೆಲಸಕ್ಕೆ ಹಾಕಿದ್ದರು. ಬಂದವರೂ ಎಷ್ಟು ನೋಡಿಯಾರು? ನಲವತ್ತು ಮಕ್ಕಳು ಸಾಲಾಗಿ ನಿಂತಿರುವಾಗ ಒಂದು ಮಗುವಿನ ಹತ್ತು ಸೆಕೆಂಡು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಬೀಳುವುದು ದಿನವಿಡೀ ಅದೇ ಮಗುವಿನ ಮುಂದೆ ನಿಲ್ಲುವವರ ಕಣ್ಣಿಗೆ. ಇಬ್ಬರು ಟೀಚರುಗಳೂ ನನಗಿಂತ ಮೊದಲೇ ಕಂಡಿದ್ದರು. ಒಬ್ಬಳ ಮಾತನ್ನು ನಾನು ಕೇಳಿದೆ, ಏಕೆಂದರೆ ಅದು ಪತ್ರದ ಮೇಲೆ ಬಂದಿತ್ತು. ಇನ್ನೊಬ್ಬಳು ನನ್ನ ಅಕ್ಕ.

ಮನೆಯ ಹಿರಿಯರೂ ಕಂಡಿದ್ದರು. ಹುಡುಗಿಯ ಅಜ್ಜಿ, ಇವಳು ಆಗಾಗ ಯಕ್ಷಿಣಿಯರ ಜೊತೆ ಹೋಗಿ ಬರುತ್ತಾಳೆ ಅನ್ನುತ್ತಿದ್ದಳಂತೆ. ಮೈಮರೆತವರನ್ನು ಇಲ್ಲಿ ಹಾಗೆ ಹೇಳುವ ವಾಡಿಕೆ ಇದೆ. ಹಿಂದಿನವರು ತಮಾಷೆಗಲ್ಲ, ನಿಜವೆಂದೇ ನಂಬಿದ್ದರು. ಗೌಳಿವಾಡದ ಅಜ್ಜಿ, ಹಳ್ಳದ ಚೌಡಿ ಹಿಡಿದಿದೆ ಎಂದು ಕೋಳಿ ಹರಕೆ ಹೊತ್ತಿದ್ದಳು. ಇಬ್ಬರೂ ಕಂಡದ್ದನ್ನೇ ಹೇಳಿದ್ದರು: ಮಗು ಸ್ವಲ್ಪ ಹೊತ್ತು ಇಲ್ಲಿರುವುದಿಲ್ಲ. ಪತ್ರದಲ್ಲಿದ್ದ 'ಗಮನವಿಲ್ಲ' ಎಂಬುದಕ್ಕಿಂತ, ನಾನು ಹೇಳಿದ ನೆಟ್‌ವರ್ಕಿಗಿಂತ, ಇದು ಎಷ್ಟೋ ನಿಖರ. ಮೂರ್ಛೆ ರೋಗ ಎಂಬ ಹೆಸರು ಕೇಳಿದ ಮೇಲೆ ಹುಡುಗನ ಅಪ್ಪ ಅಕ್ಕನ ಹತ್ತಿರ ಒಂದೇ ಕೇಳಿಕೊಂಡ: ಶಾಲೆಯ ಪುಸ್ತಕದಲ್ಲಿ ಬರೆಯಬೇಡಿ ಬಾಯಿ, ಅವನಿಗೆ ಅಕ್ಕಂದಿರಿದ್ದಾರೆ, ಮದುವೆಯಾಗಬೇಕು. ಅಕ್ಕ ಬರೆಯಲಿಲ್ಲ. ಆದರೆ ಲೆಕ್ಕ ಬೇಕಿತ್ತು, ಮಾತ್ರೆ ನಾಟುತ್ತಿದೆಯೋ ಇಲ್ಲವೋ ತಿಳಿಯಲು. ಶಾಲೆ ಇಲ್ಲ, ಮನೆಯಲ್ಲಿ ಬರೆಯಬಲ್ಲವರಿಲ್ಲ. ಅಕ್ಕ ತಾಯಿಗೆ ಒಂದು ಖಾಲಿ ಡಬ್ಬಿ ಕೊಟ್ಟಳು. ಹುಡುಗ ನಿಂತದ್ದು ಕಂಡಾಗಲೆಲ್ಲ ಒಂದು ಹುಣಸೆ ಬೀಜ ಅದರೊಳಗೆ ಹಾಕಬೇಕು. ರೇಷನ್ನಿನ ದಿನ ಅಕ್ಕ ಎಣಿಸಿ ಫೋಟೋ ಕಳಿಸುತ್ತಿದ್ದಳು. ಅದನ್ನು ಹುಬ್ಬಳ್ಳಿಯ ವೈದ್ಯರಿಗೂ ಕಳಿಸು ಎಂದು ನಾನು ಪ್ರತಿ ಸಲ ಹೇಳುತ್ತಿದ್ದೆ, ಕಾಯಿದೆಯ ನೆನಪಾಗಿ.

ಇಲ್ಲಿ 2021ರ ಮೇ 14, ಶುಕ್ರವಾರ, ಬೆಳಗ್ಗೆ ಆಸ್ಪತ್ರೆಗೆ ಹೋದರೆ ಯಾವ ಕಂಪ್ಯೂಟರನ್ನೂ ಮುಟ್ಟುವಂತಿರಲಿಲ್ಲ. ಎಚ್‌ಎಸ್‌ಇ ಎಂದು ಕರೆಯುವ ಈ ದೇಶದ ಆರೋಗ್ಯ ಸೇವೆಯ ಮೇಲೆ ಸೈಬರ್ ದಾಳಿಯಾಗಿ, ದೇಶದಾದ್ಯಂತ ಅದರ ವ್ಯವಸ್ಥೆಯನ್ನೇ ಆರಿಸಿದ್ದರು. ವರದಿ ಇಲ್ಲ, ಎಕ್ಸ್‌ರೇ ಇಲ್ಲ, ವಿಡಿಯೋ ಕರೆ ಮೊದಲೇ ಇಲ್ಲ. ವಾರಗಟ್ಟಲೆ ಕಾಗದದ ಮೇಲೆ ಬರೆದೆವು. ಹುಬ್ಬಳ್ಳಿಯಲ್ಲಿ ಕಲಿತ ನನಗೆ ಅದೇನೂ ಹೊಸದಾಗಿರಲಿಲ್ಲ. ಮುಂದಿನ ವಾರ ಆ ಹುಡುಗಿಯನ್ನು ನೋಡಬೇಕಿತ್ತು. ತಾಯಿ ಎಲ್ಲಿಯೋ ಗುಡ್ಡ ಹತ್ತಿ ವಾರ್ಡಿನ ಫೋನಿಗೇ ಕರೆ ಮಾಡಿದಳು. ಟೀಚರ್ ಕೊಟ್ಟ ಹಾಳೆ ಅವಳ ಕೈ‌ಯಲ್ಲಿತ್ತು, ಗಾಳಿಗೆ ಅದು ಪಟಪಟ ಬಡಿಯುವುದು ಕೇಳುತ್ತಿತ್ತು. ಮಾರ್ಚ್ ಮೊದಲ ವಾರ ನಾಲ್ಕು. ಎರಡನೆಯ ವಾರ ಒಂದು. ಆಮೇಲೆ ಸೊನ್ನೆ, ಸೊನ್ನೆ, ಸೊನ್ನೆ. ಈಸ್ಟರ್ ಕಳೆದ ಮೇಲೂ ಸೊನ್ನೆ. ನಾನು ಬಿಳಿ ಕಾಗದದ ಮೇಲೆ ಬರೆದುಕೊಂಡು ಔಷಧ ಅದೇ ಪ್ರಮಾಣದಲ್ಲಿ ಮುಂದುವರಿಯಲಿ ಎಂದೆ.

ಅದೇ ವರ್ಷ ಜುಲೈ ನಾಲ್ಕನೆಯ ವಾರ ಉತ್ತರ ಕನ್ನಡದಲ್ಲಿ ಆದ ಮಳೆ ಹಲವರಿಗೆ ನೆನಪಿರಬಹುದು. ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಒಂದು ವಾರ ಅಕ್ಕನ ಫೋನೇ ಸಿಗಲಿಲ್ಲ. ಸಿಕ್ಕ ಮೇಲೆ ಬಂದ ಮೊದಲ ಫೋಟೋದಲ್ಲಿ ಡಬ್ಬಿ, ಡಬ್ಬಿಯ ಪಕ್ಕ ಹರವಿಟ್ಟ ಹನ್ನೊಂದು ಬೀಜ. ಏಪ್ರಿಲ್‌ನಿಂದ ಒಂದೂ ಇರಲಿಲ್ಲ. ಮಾತ್ರೆ ಮುಗಿದಿತ್ತು, ದಾರಿ ಕಡಿದಿತ್ತು. ಅಕ್ಕ ಕೇಳಿ ಕೇಳಿ ಯಾರದೋ ಜೀಪಿನಲ್ಲಿ ಒಂದು ತಿಂಗಳ ಮಾತ್ರೆ ತರಿಸಿ, ಅರ್ಧ ದಾರಿ ನಡೆದುಹೋಗಿ ಕೊಟ್ಟು ಬಂದಳು.

ಆಗಸ್ಟ್ ಮಧ್ಯದಲ್ಲಿ ಬಂದ ಫೋಟೋದಲ್ಲಿ ಡಬ್ಬಿ ಖಾಲಿ. ಕೆಳಗೆ ಅಕ್ಕ ಬರೆದಿದ್ದಳು: "ಬೀಜ ಎಲ್ಲಾ ಚೌಕಾಬಾರ ಆಡಾಕ ಒಯ್ದಾನಂತ."

ನಾನು ಕೂಡಲೇ ಕೇಳಿದೆ, ಹಂಗಾರ ಖಾಲಿ ಅಂದ್ರ ಬಂದಿಲ್ಲೋ, ಬೀಜ ಇಲ್ಲೋ?

ಸಂದೇಶದ ಮುಂದೆ ಒಂದೇ ಗುರುತು, ಎರಡು ದಿನ ಹಾಗೆಯೇ ಇತ್ತು. ಮೂರನೆಯ ದಿನ ಗುಡ್ಡದ ತಿರುವಿನಿಂದ ಉತ್ತರ ಬಂತು. "ಹೋಗಿ ಕೇಳಿ ಬಂದೆ. ಬೀಜ ಮನ್ಯಾಗ ಬೇಕಾದಷ್ಟು ಅದಾವಂತ. ಒಂಬತ್ತ ದಿನ ಆತು, ಹಾಕೂ ಪ್ರಸಂಗ ಬಂದಿಲ್ಲಂತ."